ಮಾಂಸ ಬೆಂದಿದೆಯೇ ಎಂದು ನೋಡಲು ಯಾವ ಥರ್ಮಾಮೀಟರ್ ನಂಬಬೇಕು?

ಪ್ರಶ್ನೆ: ಹುಬ್ಬಳ್ಳಿ, ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ಶ್ರಾವಣ ಕಳೆದು, ಮನೆಯ ಗಣಪತಿಯನ್ನೂ ಕಳಿಸಿಯಾದ ಮೇಲೆ ಬಂದ ಭಾನುವಾರ, ಹೊಸದಾಗಿ ತಂದ ಓಟಿಜಿ ಒವನ್‌ನಲ್ಲಿ ಮೊದಲ ಸಲ ಇಡೀ ಕೋಳಿಗೆ ಮಸಾಲೆ ಹಚ್ಚಿ ಬೇಯಿಸಿದೆ. ಮೇಲಿನ ಚರ್ಮವೆಲ್ಲ ಚೆನ್ನಾಗಿ ಕೆಂಪಗಾಗಿ, ರೆಕ್ಕೆಯ ತುದಿಗಳು ಕರಕಲೂ ಆಗಿದ್ದವು. ಆದರೆ ತಟ್ಟೆಗೆ ಹಾಕಿ ಚಾಕು ಇಟ್ಟಾಗ ತೊಡೆಯ ಸಂದಿಯಲ್ಲಿ ಮಾಂಸ ಇನ್ನೂ ಕೆಂಪಗೆ, ಹಸಿಯಾಗಿಯೇ ಇತ್ತು. ಮನೆಯಲ್ಲಿ ಸಕ್ಕರೆ ಕಾಯಿಲೆಯಿರುವ ಎಪ್ಪತ್ತೆರಡು ವರ್ಷದ ಮಾವನವರೂ ನಾಲ್ಕು ವರ್ಷದ ಮಗನೂ ಇರುವುದರಿಂದ ಹೆದರಿ, ಅದನ್ನು ಮತ್ತೆ ಮುಕ್ಕಾಲು ಗಂಟೆ ಒವನ್‌ನಲ್ಲಿಟ್ಟೆ. ಎದೆಯ ಭಾಗ ಒಣಗಿ ನಾರಿನಂತಾಯಿತು, ಯಾರೂ ಸರಿಯಾಗಿ ಉಣ್ಣಲಿಲ್ಲ.

ಅಂದಾಜಿನ ಮೇಲೆ ಬೇಯಿಸುವುದು ಇನ್ನು ಬೇಡವೆಂದು ಎರಡು ಥರ್ಮಾಮೀಟರ್ ಕೊಂಡೆ. ಒಂದು, ದುರ್ಗದಬೈಲಿನ ಪಾತ್ರೆ ಅಂಗಡಿಯಲ್ಲಿ ಸಿಕ್ಕ, ಗಡಿಯಾರದಂತೆ ಮುಳ್ಳು ತಿರುಗುವ ಡಯಲ್ ಬಗೆಯದು. ಇನ್ನೊಂದು, ಆನ್‌ಲೈನ್‌ನಲ್ಲಿ 450 ರೂಪಾಯಿಗೆ ತರಿಸಿದ ಪೆನ್ನಿನಾಕಾರದ ಡಿಜಿಟಲ್. ಮುಂದಿನ ವಾರ ಎರಡನ್ನೂ ಒಂದೇ ಕೋಳಿಯ ಒಂದೇ ತೊಡೆಗೆ ಚುಚ್ಚಿ ನೋಡಿದರೆ ಡಯಲ್ 63 ಡಿಗ್ರಿ ಸೆಲ್ಸಿಯಸ್ ತೋರಿಸಿತು, ಡಿಜಿಟಲ್ 70 ತೋರಿಸಿತು. ಯಾವುದು ಸರಿಯೆಂದು ತಿಳಿಯಲು ಕುದಿಯುವ ನೀರಿನಲ್ಲಿ ಅದ್ದಿದೆ. ಡಯಲ್ ಸರಿಯಾಗಿ 100ಕ್ಕೆ ಬಂದು ನಿಂತಿತು, ಡಿಜಿಟಲ್ ಮಾತ್ರ 97.6ರಿಂದ ಮೇಲೆ ಏರಲೇ ಇಲ್ಲ. ಹಾಗಾದರೆ ಡಿಜಿಟಲ್ ಪೆನ್ನು ಕೆಟ್ಟದ್ದೆಂದು ತಿಳಿದು ಬೇರೆಯದನ್ನು ಕೊಳ್ಳಬೇಕೆಂದಿದ್ದೇನೆ. ದುಬಾರಿಯಾದರೂ ಚಿಂತೆಯಿಲ್ಲ, ನಂಬಿಕೆಗೆ ಅರ್ಹವಾಗಿರಬೇಕು. ಯಾವ ಬಗೆಯದನ್ನು ಕೊಳ್ಳಲಿ? ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿದು ನೋಡುತ್ತಿದ್ದ ಗನ್ ಥರ್ಮಾಮೀಟರ್ ಮನೆಯಲ್ಲಿದೆ, ಅದು ಉಪಯೋಗಕ್ಕೆ ಬರುವುದೇ? ಕೊನೆಯದಾಗಿ, ಮೊಸರಿಗೆ ಹೆಪ್ಪು ಹಾಕುವ ಮುನ್ನ ಹಾಲಿನ ಬಿಸಿ ನೋಡಲೂ ಇದನ್ನೇ ಬಳಸಬೇಕೆಂಬ ಆಸೆ ನನಗಿತ್ತು. ಮಾಂಸಕ್ಕೆ ಚುಚ್ಚಿದ್ದನ್ನು ಹಾಲಿಗೆ ಅದ್ದುವುದು ಬೇಡವೆಂದು ಅತ್ತೆಯವರು ಹೇಳಿದ್ದಾರೆ, ಅವರ ಮಾತನ್ನು ಮೀರುವ ಇಚ್ಛೆ ನನಗಿಲ್ಲ.

ಉತ್ತರ: ಧಾರವಾಡ, ಸಪ್ತಾಪುರದಿಂದ

ತಂಗಿ, ಬೇರೆಯದನ್ನು ಕೊಳ್ಳುವ ಮೊದಲು ದಯವಿಟ್ಟು ಸ್ವಲ್ಪ ತಡೆಯಿರಿ. ನೀವು ಬರೆದ ಅಂಕಿಗಳನ್ನು ನೋಡಿದರೆ, ನೀವು ಕೆಟ್ಟದ್ದೆಂದುಕೊಂಡಿರುವ ಪೆನ್ನೇ ಸರಿಯಾಗಿದೆ, ನೀವು ನಂಬಿದ ಡಯಲ್ ತಪ್ಪು ತೋರಿಸುತ್ತಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನಾದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಅದು ಸಮುದ್ರಮಟ್ಟದ ವಾಯುಒತ್ತಡಕ್ಕೆ ಹೊಂದುವ ಮಾತೆಂಬ ಅರ್ಧವನ್ನು ನಾವು ಮರೆತುಬಿಡುತ್ತೇವೆ. ಎತ್ತರಕ್ಕೆ ಹೋದಂತೆ ನೀರಿನ ಮೇಲಿನ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಕಾರವಾರದ ಕಡಲ ದಂಡೆಯ ಮನೆಯಲ್ಲಿ ಕುದಿಯುವ ನೀರು 100 ತೋರಿಸಿದರೆ ಸರಿ. ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ನಮ್ಮ ಧಾರವಾಡ ಅದಕ್ಕಿಂತ ಇನ್ನೂ ತುಸು ಮೇಲೆ. ನಿಮ್ಮ ಊರಿನಲ್ಲಿ ನೀರು 98ಕ್ಕೂ ಕೊಂಚ ಕೆಳಗೆಯೇ ಕುದಿಯಬೇಕು. ಹಾಗಿರುವಾಗ ಪೆನ್ನು ತೋರಿಸಿದ 97.6 ನಿಜಕ್ಕೆ ಬಹಳ ಹತ್ತಿರವಾಗಿದೆ. 100 ತೋರಿಸಿದ ಡಯಲ್ಲೇ ಎರಡು ಡಿಗ್ರಿಗೂ ಹೆಚ್ಚು ಮುಂದೆ ಓಡುತ್ತಿದೆ.

ಆದರೂ ಕುದಿಯುವ ನೀರಿನ ಪರೀಕ್ಷೆಯೊಂದನ್ನೇ ನೆಚ್ಚಿ ತೀರ್ಮಾನಿಸಬೇಡಿ. ಊರಿಗೂ ಎತ್ತರಕ್ಕೂ ಸಂಬಂಧವಿಲ್ಲದ ಪರೀಕ್ಷೆಯೆಂದರೆ ಮಂಜುಗಡ್ಡೆಯದು, ಏಕೆಂದರೆ ಕರಗುತ್ತಿರುವ ಮಂಜುಗಡ್ಡೆ ಹುಬ್ಬಳ್ಳಿಯಲ್ಲಿಯೂ ಕಾರವಾರದಲ್ಲಿಯೂ 0 ಡಿಗ್ರಿಯಲ್ಲಿಯೇ ಇರುತ್ತದೆ. ಅದನ್ನು ಮಾಡುವ ಕ್ರಮದಲ್ಲಿ ಬಹಳ ಜನ ಎಡವುತ್ತಾರೆ. ನೀರಿನ ಲೋಟದಲ್ಲಿ ನಾಲ್ಕು ಐಸ್ ತುಂಡು ತೇಲಿಬಿಟ್ಟರೆ ಸಾಲದು. ನೀರು 4 ಡಿಗ್ರಿಯಲ್ಲಿ ಅತ್ಯಂತ ಹೆಚ್ಚು ಸಾಂದ್ರವಾಗಿರುವುದರಿಂದ ಆ ಬಿಸಿಯ ನೀರು ಲೋಟದ ತಳಕ್ಕೆ ಇಳಿದು ಕೂರುತ್ತದೆ, ಕಡ್ಡಿಯ ತುದಿ ಅಲ್ಲಿಗೆ ತಲುಪಿದರೆ ಒಳ್ಳೆಯ ಉಪಕರಣವೂ 3 ಅಥವಾ 4 ತೋರಿಸುತ್ತದೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಸಣ್ಣಗೆ ಪುಡಿಮಾಡಿ, ಲೋಟವನ್ನು ಅದರಿಂದಲೇ ತುಂಬಿ, ಸಂದುಗಳು ಮುಚ್ಚುವಷ್ಟೇ ತಣ್ಣೀರು ಸುರಿದು, ಚೆನ್ನಾಗಿ ಕಲಕಿ, ಎರಡು ಮೂರು ನಿಮಿಷ ಬಿಡಬೇಕು. ಕಡ್ಡಿಯ ತುದಿಯನ್ನು ಮಧ್ಯಕ್ಕೆ ಐದು ಸೆಂಟಿಮೀಟರಿನಷ್ಟು ಇಳಿಸಿ, ಲೋಟದ ಗೋಡೆಗಾಗಲಿ ತಳಕ್ಕಾಗಲಿ ತಾಗದಂತೆ ಹಿಡಿದು, ಅಂಕಿ ನಿಲ್ಲುವವರೆಗೆ ಕಾಯಿರಿ. ಉಪ್ಪು ಮಾತ್ರ ಸೇರಕೂಡದು, ಉಪ್ಪು ಬೆರೆತರೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಫಲಿತಾಂಶವನ್ನು ಇಲ್ಲಿಯೇ ಬರೆಯಿರಿ.

ಪ್ರಶ್ನೆ ಕೇಳಿದವರು: ಹುಬ್ಬಳ್ಳಿ

ಸರ್, ತಾವು ಹೇಳಿದಂತೆಯೇ ಇಂದು ಮಧ್ಯಾಹ್ನ ಮಾಡಿದೆ. ಪುಡಿ ಮಂಜಿನಲ್ಲಿ ಡಿಜಿಟಲ್ ಪೆನ್ನು 0.4ಕ್ಕೆ ಬಂದು ನಿಂತಿತು. ಡಯಲ್ಲಿನ ಮುಳ್ಳು 2 ಮತ್ತು 4ರ ಗೆರೆಗಳ ನಡುವೆ ನಿಂತಿತು, ಅಂದರೆ 3 ಎನ್ನಬಹುದು. ಕುದಿಯುವ ನೀರಿನಲ್ಲಿ ಮತ್ತೊಮ್ಮೆ ನೋಡಿದಾಗ ಪೆನ್ನು 97.7, ಡಯಲ್ ಹಿಂದಿನಂತೆ 100. ಒಳ್ಳೆಯದನ್ನು ಎಸೆದು ಕೆಟ್ಟದ್ದನ್ನು ಇಟ್ಟುಕೊಳ್ಳುತ್ತಿದ್ದೆ ಎಂದು ತಿಳಿದು ಮನಸ್ಸಿಗೆ ಬಹಳ ಸಮಾಧಾನವಾಯಿತು.

ಆದರೆ ಒಂದು ಮಾತು ನನಗೆ ತಿಳಿಯುತ್ತಿಲ್ಲ. ಡಯಲ್ ನಿಜಕ್ಕಿಂತ ಹೆಚ್ಚು ತೋರಿಸುವುದಾದರೆ, ಕೋಳಿಯ ತೊಡೆಯಲ್ಲಿ ಪೆನ್ನಿಗಿಂತ ಏಳು ಡಿಗ್ರಿ ಕಡಿಮೆ ತೋರಿಸಿದ್ದು ಏಕೆ?

ಉತ್ತರ: ಹುಬ್ಬಳ್ಳಿ, ಗೋಕುಲ ರಸ್ತೆಯಿಂದ

ಅಕ್ಕನವರೇ, ಈ ಪ್ರಶ್ನೆಗೆ ಉತ್ತರ ಎರಡು ಕಡ್ಡಿಗಳ ಒಳಗಿದೆ. ಕಾರ್ಖಾನೆಗಳ ಒತ್ತಡಮಾಪಕ, ತಾಪಮಾಪಕಗಳನ್ನು ಪರೀಕ್ಷಿಸಿ ಸರಿಹೊಂದಿಸುವುದು ನನ್ನ ಉದ್ಯೋಗ, ಆ ಅನುಭವದಿಂದ ಹೇಳುತ್ತೇನೆ.

ಡಯಲ್ ಬಗೆಯದರ ಕಡ್ಡಿಯೊಳಗೆ ಎರಡು ಲೋಹಗಳನ್ನು ಬೆಸೆದು ಸುರುಳಿ ಸುತ್ತಿದ ಪಟ್ಟಿ ಇರುತ್ತದೆ. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗುವುದರಿಂದ ಸುರುಳಿ ತಿರುಚಿಕೊಂಡು ಮುಳ್ಳನ್ನು ತಿರುಗಿಸುತ್ತದೆ. ಆ ಸುರುಳಿ ತುದಿಯಿಂದ ಐದಾರು ಸೆಂಟಿಮೀಟರ್ ಉದ್ದಕ್ಕೆ ಹರಡಿರುತ್ತದೆ, ಅಷ್ಟೂ ಉದ್ದದ ಸರಾಸರಿಯನ್ನೇ ಮುಳ್ಳು ಹೇಳುತ್ತದೆ. ಒಂದು ಕಿಲೋ ಕೋಳಿಯ ತೊಡೆಯಲ್ಲಿ ಅಷ್ಟು ಆಳವೆಲ್ಲಿದೆ? ಒವನ್‌ನಿಂದ ಹೊರತೆಗೆದು ಚುಚ್ಚಿದಾಗ ಸುರುಳಿಯ ಒಂದಿಷ್ಟು ಭಾಗ ಮಾಂಸದ ಹೊರಗೆ, ಅಡುಗೆಮನೆಯ ಗಾಳಿಯಲ್ಲಿಯೇ ಉಳಿದು, ಸರಾಸರಿಯನ್ನು ಕೆಳಕ್ಕೆಳೆದಿದೆ. ಜೊತೆಗೆ ಮುಳ್ಳು ನಿಲ್ಲಲು ಹದಿನೈದು ಇಪ್ಪತ್ತು ಸೆಕೆಂಡು ಬೇಕು, ಅವಸರದಲ್ಲಿ ಓದಿದರೆ ಇನ್ನೂ ಕಡಿಮೆ ಸಿಗುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿದಾಗ ಈ ತೊಂದರೆ ಇರಲಿಲ್ಲ, ಆದ್ದರಿಂದ ಅಲ್ಲಿ ಅದರ ನಿಜವಾದ ದೋಷ ಮಾತ್ರ ಕಾಣಿಸಿತು. ಡಯಲ್ ದೊಡ್ಡ ಪಾತ್ರೆಯ ಸಾರಿಗೆ, ದಪ್ಪ ಮಾಂಸಕ್ಕೆ ಆದೀತು, ಕೋಳಿಯ ಕಾಲಿಗಾಗಲಿ ಮೀನಿನ ತುಂಡಿಗಾಗಲಿ ಅಲ್ಲ. ಅದರ ಮುಖದ ಹಿಂಬದಿಯಲ್ಲಿ, ಕಡ್ಡಿ ಸೇರುವ ಜಾಗದಲ್ಲಿ ಆರು ಮೂಲೆಯ ಸಣ್ಣ ನಟ್ಟು ಇದ್ದರೆ, ಪುಡಿ ಮಂಜಿನಲ್ಲಿಟ್ಟುಕೊಂಡೇ ಸ್ಪ್ಯಾನರ್‌ನಿಂದ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬಹುದು.

ಪೆನ್ನಿನ ಬಗೆಯದರಲ್ಲಿ ಸಾಮಾನ್ಯವಾಗಿ ಥರ್ಮಿಸ್ಟರ್ ಎಂಬ ಸಣ್ಣ ಮಣಿ ತುದಿಯ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಒಳಗಿನ ಚಿಪ್ ಅದನ್ನು ಅಂಕಿಯಾಗಿ ಬದಲಿಸುತ್ತದೆ. ಇದಕ್ಕಿಂತ ವೇಗವಾದದ್ದು ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದ ಥರ್ಮೋಕಪಲ್, ಅದು ಎರಡು ಮೂರು ಸೆಕೆಂಡಿನಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ತಯಾರಾಗುವ ಥರ್ಮಾಪೆನ್ ಈ ಜಾತಿಯದು, ಬಹಳ ಒಳ್ಳೆಯದು, ಬೆಲೆಯೂ ಹಾಗೆಯೇ. ಆದರೆ ಥರ್ಮೋಕಪಲ್ ಎಂದ ಮಾತ್ರಕ್ಕೆ ಹೆಚ್ಚು ನಿಖರವೆಂದು ತಿಳಿಯಬಾರದು. ನಮ್ಮ ಕಾರ್ಖಾನೆಗಳಲ್ಲಿ ಬಳಸುವ ಕೆ ಬಗೆಯ ಸಾಮಾನ್ಯ ದರ್ಜೆಯ ತಂತಿಗೆ ಎರಡು ಡಿಗ್ರಿಗೂ ಮಿಕ್ಕಿದ ವ್ಯತ್ಯಾಸ ನಿಯಮದಲ್ಲಿಯೇ ಒಪ್ಪಿತವಾಗಿದೆ. ಸೊನ್ನೆಯಿಂದ ನೂರರ ನಡುವೆ ಒಳ್ಳೆಯ ಥರ್ಮಿಸ್ಟರ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ನಮಗೆ ಬೇಕಾದದ್ದೂ ಅದೇ ವ್ಯಾಪ್ತಿ. ಇನ್ನೊಂದು ಮೋಸಹೋಗುವ ಜಾಗವೆಂದರೆ ದಶಾಂಶ. ಪರದೆ 73.4 ಎಂದು ತೋರಿಸಿದ ಮಾತ್ರಕ್ಕೆ ಅದು ಹತ್ತನೆಯ ಒಂದು ಡಿಗ್ರಿಯವರೆಗೆ ಸರಿಯಾಗಿದೆ ಎಂದಲ್ಲ. ಎಷ್ಟು ಸೂಕ್ಷ್ಮವಾಗಿ ತೋರಿಸುತ್ತದೆ ಎಂಬುದು ಬೇರೆ, ಎಷ್ಟು ನಿಜ ಹೇಳುತ್ತದೆ ಎಂಬುದು ಬೇರೆ. ಡಬ್ಬಿಯ ಮೇಲೆ 1 ಡಿಗ್ರಿ ಹೆಚ್ಚು-ಕಡಿಮೆ ಎಂದು ಬರೆದಿದ್ದು, ನಿಮ್ಮ ಮಂಜಿನ ಪರೀಕ್ಷೆಯಲ್ಲಿ ಅಷ್ಟರೊಳಗೆ ಬಂದರೆ, ಮನೆಯ ಅಡುಗೆಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಆದ್ದರಿಂದ ನಿಮ್ಮ ಪೆನ್ನನ್ನೇ ಇಟ್ಟುಕೊಳ್ಳಿ. ಅದರ ದೌರ್ಬಲ್ಯ ನಿಖರತೆಯಲ್ಲಿಲ್ಲ, ಬಾಳಿಕೆಯಲ್ಲಿದೆ. ಕಡ್ಡಿಯೂ ಪ್ಲಾಸ್ಟಿಕ್ ಹಿಡಿಕೆಯೂ ಕೂಡುವ ಜಾಗದಲ್ಲಿ ನೀರು ಇಳಿದರೆ ಅಂಕಿಗಳು ಅಲೆಯತೊಡಗುತ್ತವೆ. ನಲ್ಲಿಯ ಕೆಳಗೆ ಹಿಡಿಯದೆ, ಕಡ್ಡಿಯನ್ನು ಮಾತ್ರ ಸೋಪು ಹಾಕಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ. ಹಸಿ ಮಾಂಸಕ್ಕೆ ಚುಚ್ಚಿದ್ದನ್ನು ತೊಳೆಯದೆ ಬೆಂದದ್ದಕ್ಕೆ ಚುಚ್ಚುವುದು ಬೇಡ. ಪ್ಲಾಸ್ಟಿಕ್ ಕರಗುವುದರಿಂದ ಅದನ್ನು ಮಾಂಸದಲ್ಲಿಯೇ ಬಿಟ್ಟು ಒವನ್ ಮುಚ್ಚುವಂತೆಯೂ ಇಲ್ಲ. ಮುಂದೆಂದಾದರೂ ಹೊಸದು ಕೊಳ್ಳುವುದಾದರೆ ಐಪಿ 67 ಎಂದು ಬರೆದಿರುವ, ನೀರು ತಡೆಯುವಂಥದ್ದನ್ನು ನೋಡಿ. ಗುಂಡಿಯಾಕಾರದ ಸೆಲ್ಲಿಗಿಂತ ಪೆನ್ಸಿಲ್ ಸೆಲ್ಲಿನದು ಉತ್ತಮ, ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆ ಗುಂಡಿ ಸೆಲ್ಲನ್ನು ಮಗು ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು. ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರವಿರುವ ಥರ್ಮಾಮೀಟರುಗಳೂ ಸಿಗುತ್ತವೆ, ಆದರೆ ಅದು ಕಾರ್ಖಾನೆ, ಆಸ್ಪತ್ರೆಗಳಿಗೆ ಬೇಕಾದದ್ದು. ನಮ್ಮ ಬಳಿ ಕೆಲಸಕ್ಕೆ ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ: ಮನೆಗೆ ಮಂಜುಗಡ್ಡೆಯೇ ಪ್ರಮಾಣಪತ್ರ.

ಹಣೆಯ ಗನ್ ಬೇಡವೇ ಬೇಡ. ಅದು ಮನುಷ್ಯನ ಮೈಬಿಸಿಯ ಆಸುಪಾಸಿನ ಹತ್ತು ಡಿಗ್ರಿಗಷ್ಟೇ ಮಾಡಿದ್ದು, ಅದರಾಚೆಗೆ ದೋಷ ಎಂದು ತೋರಿಸಿ ಸುಮ್ಮನಾಗುತ್ತದೆ. ಕಾರ್ಖಾನೆಯ ಅತಿಗೆಂಪು ಗನ್ ಹೆಚ್ಚಿನ ಬಿಸಿ ಓದುತ್ತದಾದರೂ ಚರ್ಮದ ಮೇಲಿನ ಬಿಸಿಯನ್ನು ಮಾತ್ರ ಓದುತ್ತದೆ. ನಿಮಗೆ ತಿಳಿಯಬೇಕಾದದ್ದು ಒಳಗಿನದು.

ಉತ್ತರ: ಗದಗ-ಬೆಟಗೇರಿಯಿಂದ

ನಮ್ಮದು ಸಾವಜಿ ಮನೆತನ. ತವರಿನಲ್ಲಿಯೂ ಗಂಡನ ಮನೆಯಲ್ಲಿಯೂ ಖಾನಾವಳಿ ನಡೆಸಿದವರು. ಉಪಕರಣದ ವಿಷಯವನ್ನು ತಿಳಿದವರು ಹೇಳಿದ್ದಾರೆ, ಅದನ್ನು ಯಾವ ಅಡುಗೆಗೆ ಬಳಸಬೇಕು, ಯಾವುದಕ್ಕೆ ಬೇಡ ಎಂಬುದನ್ನು ನಾನು ಹೇಳುತ್ತೇನೆ.

ಮಟನ್ ಸಾರಿಗೆ ಥರ್ಮಾಮೀಟರ್ ಬೇಕಿಲ್ಲ. ವಿದೇಶದ ಕೋಷ್ಟಕಗಳಲ್ಲಿ ಇಡೀ ತುಂಡಿನ ಕುರಿ ಮಾಂಸಕ್ಕೆ 63 ಡಿಗ್ರಿ ಸಾಕು, ಇಳಿಸಿ ಮೂರು ನಿಮಿಷ ಬಿಟ್ಟರಾಯಿತು ಎಂದು ಬರೆದಿರುವುದನ್ನು ಓದಿ, ನನ್ನ ಸೋದರಳಿಯನೊಬ್ಬ 65ಕ್ಕೆ ಪಾತ್ರೆ ಇಳಿಸಿದ್ದ. ಆ ಅಂಕಿ ರೋಗಾಣುವಿನ ಲೆಕ್ಕದ್ದು, ಹಲ್ಲಿನ ಲೆಕ್ಕದ್ದಲ್ಲ. ನಾವು ಸಾರಿಗೆ ಹಾಕುವ ಎಲುಬು-ನರವಿರುವ ತುಂಡುಗಳಲ್ಲಿ ನರ ಕರಗಿ ಮೆತ್ತಗಾಗಲು ಮಾಂಸ ತೊಂಬತ್ತರ ಆಸುಪಾಸಿನಲ್ಲಿ ಬಹಳ ಹೊತ್ತು ಇರಬೇಕು. ಅಷ್ಟು ಹೊತ್ತು ಕುದಿದ ಸಾರಿನಲ್ಲಿ, ಇಲ್ಲವೇ ಕುಕ್ಕರಿನಲ್ಲಿ, ಹಸಿ ಉಳಿಯುವ ಮಾತೇ ಇಲ್ಲ. ಬೆರಳಿನಲ್ಲಿ ಒತ್ತಿದರೆ ಎಲುಬು ಬಿಡುವುದೇ ಅದಕ್ಕೆ ಅಳತೆ.

ಖೀಮಾ ಉಂಡೆಯ ಮಾತು ಬೇರೆ, ಇಲ್ಲಿ ಎಚ್ಚರಿಕೆ ಬೇಕು. ಇಡೀ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಮೇಲ್ಮೈಯಲ್ಲಿರುತ್ತದೆ, ಬಿಸಿ ತಾಗಿದೊಡನೆ ಸಾಯುತ್ತದೆ. ಕೊಚ್ಚಿದಾಗ ಆ ಮೇಲ್ಮೈಯೆಲ್ಲ ಒಳಗೆ ಸೇರಿಬಿಡುತ್ತದೆ. ಅಮೆರಿಕದ ಕೃಷಿ ಇಲಾಖೆ ಕೊಚ್ಚಿದ ಮಾಂಸಕ್ಕೆ 71, ಕೋಳಿಗೆ 74 ಎಂದು ಬೇರೆ ಬೇರೆಯಾಗಿ ಹೇಳಿರುವುದು ಇಂಥ ಕಾರಣಗಳಿಗಾಗಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಅಡುಗೆ ಉದ್ಯಮದವರಿಗೆ ಮಾಡಿದ ತಪಾಸಣಾ ಪಟ್ಟಿಯಲ್ಲಿ, ಮಾಂಸಾಹಾರದ ಒಳಭಾಗ 65 ಡಿಗ್ರಿಯಲ್ಲಿ 10 ನಿಮಿಷ, ಅಥವಾ 70ರಲ್ಲಿ 2 ನಿಮಿಷ, ಅಥವಾ 75ರಲ್ಲಿ 15 ಸೆಕೆಂಡು ಇರಬೇಕೆಂದಿದೆ. ಬಿಸಿ ಕಡಿಮೆಯಾದಷ್ಟೂ ಹೊತ್ತು ಹೆಚ್ಚು ಬೇಕು ಎಂಬ ಈ ಕ್ರಮ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಮಾವನವರೂ ಮಗುವೂ ಇರುವ ನಿಮ್ಮ ಮನೆಯಲ್ಲಿ ಕೋಳಿಗೆ 75 ಎಂದೇ ಇಟ್ಟುಕೊಳ್ಳಿ, ನೆನಪಿಡಲೂ ಸುಲಭ. ಎಣ್ಣೆಯಲ್ಲಿ ಕರಿದ ಉಂಡೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಅದರ ನಟ್ಟನಡುವೆ ತುದಿ ಬರುವಂತೆ ಚುಚ್ಚಿ ನೋಡಿ.

ಕೋಳಿಯಲ್ಲಿ ಎಲ್ಲಿ ಚುಚ್ಚಬೇಕು ಎಂಬುದೇ ನಿಜವಾದ ಕಸುಬು. ತೊಡೆ ಮೈಗೆ ಸೇರುವ ಸಂದಿಯ ದಪ್ಪ ಮಾಂಸದಲ್ಲಿ, ಎಲುಬಿಗೆ ತಾಗದಂತೆ ಚುಚ್ಚಬೇಕು. ಎಲುಬು ತಾಗಿದರೆ ಕೈಗೆ ಗಟ್ಟಿಯಾಗಿ ತಿಳಿಯುತ್ತದೆ, ಆಗ ಬಂದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯದೆ ತುಸು ಹಿಂದೆಳೆದುಕೊಳ್ಳಿ. ನಾನು ಕಡ್ಡಿಯನ್ನು ಬೇಕಾದುದಕ್ಕಿಂತ ಸ್ವಲ್ಪ ಆಳಕ್ಕಿಳಿಸಿ, ನಿಧಾನವಾಗಿ ಹಿಂದಕ್ಕೆಳೆಯುತ್ತ ಅಂಕಿ ನೋಡುತ್ತೇನೆ. ಎಲ್ಲಿ ಅತಿ ಕಡಿಮೆ ಬರುತ್ತದೆಯೋ ಅದೇ ಆ ತುಂಡಿನ ನಡು. ಎರಡೂ ತೊಡೆ, ಎದೆಯ ದಪ್ಪ ಭಾಗ, ಹೀಗೆ ಕನಿಷ್ಠ ಮೂರು ಕಡೆ ನೋಡಿ, ಅವುಗಳಲ್ಲಿ ಕಡಿಮೆಯಾದದ್ದನ್ನೇ ನಂಬಿ. ಕಾರವಾರ, ಅಂಕೋಲೆಗಳಿಂದ ಘಟ್ಟ ಹತ್ತಿ ಬರುವ ಮೀನನ್ನು ಹುರಿಯುವಾಗ ಮೇಲಿನಿಂದ ಚುಚ್ಚದೆ, ತುಂಡಿನ ಪಕ್ಕದಿಂದ ಅಡ್ಡಲಾಗಿ ಚುಚ್ಚಬೇಕು.

ಇನ್ನು ನೀವು ಹೆದರಿದ ಕೆಂಪು ಬಣ್ಣದ ವಿಷಯ. ಈಗ ಸಿಗುವ ಫಾರಂ ಕೋಳಿಗಳನ್ನು ಒಂದೂವರೆ ತಿಂಗಳಿಗೇ ಕೊಯ್ಯುವುದರಿಂದ ಅವುಗಳ ಎಲುಬು ಇನ್ನೂ ಬಲಿತಿರುವುದಿಲ್ಲ, ಮಜ್ಜೆಯ ಕೆಂಪು ಬೇಯುವಾಗ ಹೊರಗೆ ಇಳಿದು ಸುತ್ತಲಿನ ಮಾಂಸಕ್ಕೆ ಹತ್ತುತ್ತದೆ. ಫ್ರೀಜರಿನಲ್ಲಿಟ್ಟು ತೆಗೆದ ಕೋಳಿಯಲ್ಲಿ ಇದು ಇನ್ನೂ ಹೆಚ್ಚು. 75 ದಾಟಿದ ಮೇಲೂ ಎಲುಬಿನ ಬಳಿ ಕೆಂಪು ಉಳಿಯಬಹುದು, ಅದು ಹಸಿಯಲ್ಲ. ಹಾಗೆಯೇ ಖೀಮಾ ಕಂದುಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಬೆಂದಿದೆ ಎಂದೂ ಅಲ್ಲ. ಮೊದಲ ಭಾನುವಾರ ನಿಮ್ಮ ಕೋಳಿ ನಿಜಕ್ಕೂ ಹಸಿ ಇದ್ದಿರಬಹುದು, ಆದರೆ ಮತ್ತೆ ಇಟ್ಟ ಮುಕ್ಕಾಲು ಗಂಟೆಯಲ್ಲಿ ಅದು ಯಾವಾಗ ಬೆಂದಿತು, ಯಾವಾಗ ಒಣಗತೊಡಗಿತು ಎಂಬುದನ್ನು ಬಣ್ಣ ನೋಡಿ ಹೇಳಲು ನಮ್ಮಂಥ ಖಾನಾವಳಿಯವರಿಂದಲೂ ಆಗದು. ಇನ್ನೊಂದು ಮಾತು, ಫ್ರಿಜ್‌ನಿಂದ ತೆಗೆದು ನೇರವಾಗಿ ಒವನ್‌ಗೆ ಇಟ್ಟಿದ್ದೀರೇನು? ನಡು ತಣ್ಣಗಿದ್ದರೆ ಮೇಲೆ ಕರಕಲಾಗುವ ಹೊತ್ತಿಗೂ ಒಳಗೆ ಬೇಯುವುದಿಲ್ಲ. ಒವನ್ನಿನ ಬಿಸಿಯನ್ನೂ ತುಸು ಇಳಿಸಿ ನೋಡಿ.

ಉತ್ತರ: ಹಾವೇರಿಯಿಂದ

ಕಾಲೇಜಿನ ಪ್ರಯೋಗಾಲಯದಲ್ಲಿ ಬಳಸುವ ಗಾಜಿನ ಪಾದರಸದ ಥರ್ಮಾಮೀಟರ್ ಅತ್ಯಂತ ನಿಖರವೆಂದು ಕೇಳಿದ್ದೇನೆ. 110 ಡಿಗ್ರಿಯವರೆಗೆ ಗುರುತುಗಳಿರುವ ಒಂದು ನನ್ನ ಬಳಿಯೂ ಇದೆ. ಅದನ್ನೇ ಅಡುಗೆಗೆ ಬಳಸಬಾರದೇಕೆ?

ಉತ್ತರ: ಧಾರವಾಡ, ಸಪ್ತಾಪುರದಿಂದ

ದಯವಿಟ್ಟು ಬಳಸಬೇಡಿ. ಗಾಜು ಮಾಂಸದೊಳಗೆ ಮುರಿದರೆ ಚೂರು ಹುಡುಕಲಾಗದು. ಪಾದರಸ ಚೆಲ್ಲಿದರೆ ಅದರ ಆವಿ ಅಡುಗೆಮನೆಯಲ್ಲಿ ಬಹಳ ದಿನ ಉಳಿಯುತ್ತದೆ. ನಿಖರತೆ ಎಷ್ಟೇ ಇದ್ದರೂ ಅದು ಊಟದ ಹತ್ತಿರ ಬರತಕ್ಕ ವಸ್ತುವಲ್ಲ.

ಪ್ರಶ್ನೆ ಕೇಳಿದವರು: ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಗದಗಿನ ಅಕ್ಕನವರು ಕೇಳಿದ್ದು ನಿಜ, ಕೋಳಿಯನ್ನು ಫ್ರಿಜ್‌ನಿಂದ ನೇರವಾಗಿಯೇ ಇಟ್ಟಿದ್ದೆ. ಈ ಭಾನುವಾರ ಒವನ್ ಕಾಯುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಟ್ಟು, ಬಿಸಿಯನ್ನು 200ರಿಂದ 180ಕ್ಕೆ ಇಳಿಸಿದೆ. ಒಂದು ಗಂಟೆಯ ನಂತರ ಮೂರು ಕಡೆ ಚುಚ್ಚಿ ನೋಡಿದಾಗ ಎದೆಯಲ್ಲಿ 72, ಎಡ ತೊಡೆಯಲ್ಲಿ 70, ಒವನ್ನಿನ ಬಾಗಿಲ ಕಡೆಗಿದ್ದ ಬಲ ತೊಡೆಯಲ್ಲಿ 64 ಇತ್ತು. ಬಾಗಿಲ ಬದಿ ತಣ್ಣಗಿರುತ್ತದೆಂದು ನನಗೆ ತಿಳಿದೇ ಇರಲಿಲ್ಲ. ತಟ್ಟೆಯನ್ನು ತಿರುಗಿಸಿಟ್ಟು, ಎದೆಯ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಇನ್ನು ಹದಿನಾಲ್ಕು ನಿಮಿಷ ಬಿಟ್ಟಾಗ ಬಲ ತೊಡೆ 76 ಮುಟ್ಟಿತು. ಎಲುಬಿನ ಬಳಿ ಇನ್ನೂ ಕೆಂಪಗಿತ್ತು. ಮಾವನವರಿಗೆ ಅಂಕಿಯನ್ನು ತೋರಿಸಿ ಕಾರಣ ಹೇಳಿದ ಮೇಲೆ ಅವರು ಒಪ್ಪಿ ಉಂಡರು, ಎದೆಯ ಭಾಗವೂ ಒಣಗಿರಲಿಲ್ಲ.

ಡಯಲ್ಲಿಗೆ ನಟ್ಟು ಇತ್ತು. ನಮ್ಮ ಯಜಮಾನರು ಮಂಜಿನಲ್ಲಿಟ್ಟು ಸೊನ್ನೆಗೆ ತಂದಿದ್ದಾರೆ, ಅದೀಗ ಕುದಿಯುವ ನೀರಿನಲ್ಲಿ 97ರ ಮೇಲೆ ನಿಲ್ಲುತ್ತದೆ. ಹಾಲಿಗೆಂದು ಅದೇ ಬಗೆಯ ಇನ್ನೊಂದು ಡಿಜಿಟಲ್ ಪೆನ್ನು ತರಿಸಿದೆವು. ಬಂದ ದಿನವೇ ಪುಡಿ ಮಂಜಿನಲ್ಲಿ ನೋಡಿದಾಗ 2.1 ತೋರಿಸಿದ್ದರಿಂದ ಮರಳಿಸಿದೆವು, ಬದಲಿಗೆ ಬಂದದ್ದು 0.3 ತೋರಿಸಿತು. ಒಂದೇ ಡಬ್ಬಿ, ಒಂದೇ ಬೆಲೆಯಾದರೂ ಒಂದಕ್ಕೊಂದು ಇಷ್ಟು ಅಂತರವಿರುತ್ತದೆಂದು ಪರೀಕ್ಷಿಸದೆ ತಿಳಿಯುತ್ತಿರಲಿಲ್ಲ. ಹಾಲಿನ ಪೆನ್ನಿಗೆ ಬಿಳಿ ಟೇಪು, ಮಾಂಸದ್ದಕ್ಕೆ ಕೆಂಪು ಟೇಪು ಸುತ್ತಿ ಬೇರೆ ಬೇರೆ ಕಪಾಟಿನಲ್ಲಿಟ್ಟಿದ್ದೇವೆ. ನಿನ್ನೆ ರಾತ್ರಿ ಅತ್ತೆಯವರು ತಾವೇ ಬಿಳಿ ಟೇಪಿನದನ್ನು ಹಾಲಿಗೆ ಅದ್ದಿ, 43ಕ್ಕೆ ಇಳಿದಾಗ ಹೆಪ್ಪು ಹಾಕಿದರು.